‘ಕಾರ್ಯಾಚರಣೆಯಲ್ಲಿ ಕಾಣೆ’ ಅಂದರೆ ಏನು?

ಹಾಸನ, ಅರಕಲಗೂಡು ಕಡೆ ಮಕ್ಕಳನ್ನು ಮಿಲಿಟರಿಗೆ ಕಳಿಸಿದ ಮನೆಗಳು ಸಾಕಷ್ಟಿವೆ. ‘ಮಿಸ್ಸಿಂಗ್’ ಅನ್ನೋ ಮಾತು ಆ ಮನೆಯವರಿಗೆ ಸುಮ್ನೆ ಸುದ್ದಿಯಲ್ಲ. ಸೇನೆಯ ದಾಖಲೆಯಲ್ಲಿ ಇದರ ಅರ್ಥ ಇಷ್ಟು: ಕಾರ್ಯಾಚರಣೆಗೆ ಹೋದವರು ವಾಪಸ್ ಬಂದಿಲ್ಲ. ಸತ್ತದ್ದಕ್ಕೆ ಪುರಾವೆ ಇಲ್ಲ, ಸೆರೆ ಸಿಕ್ಕಿದ್ದಕ್ಕೂ ಇಲ್ಲ.

ಯುದ್ಧಕಾಲದ ವಿಚಕ್ಷಣಾ ಹಾರಾಟದ ಪೈಲಟ್‌ಗಳಿಗೆ ಈ ಭಯ ಜಾಸ್ತಿ. ಶತ್ರು ನೆಲದ ಮೇಲೆ ಹಾರಿ ಫೋಟೋ ತರುವ ಕೆಲಸ ಅದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಲೈಟ್ನಿಂಗ್ ಫೈಟರ್‌ನ ಗನ್‌ಗಳನ್ನು ತೆಗೆದು, ಮೂತಿಯಲ್ಲಿ ಕ್ಯಾಮೆರಾ ಕೂರಿಸಿ ಇದಕ್ಕೆ ಬಳಸಿದರು. ಎತ್ತರ ಮತ್ತು ವೇಗ, ರಕ್ಷಣೆಗೆ ಇವೆರಡೇ. ಬಹಳ ಸಲ ಒಬ್ಬರೇ ಹೋಗಬೇಕಿತ್ತು. ವಿಮಾನ ಬಿದ್ದರೆ ನೋಡಿ ಹೇಳೋರು ಯಾರು?

ಫ್ರಾನ್ಸ್‌ನ ಲೇಖಕ, ಪೈಲಟ್ ಆಂಟ್ವಾನ್ ದ ಸೇಂಟ್-ಎಕ್ಸುಪೆರಿ 1944ರ ಜುಲೈ 31ರಂದು ಕಾರ್ಸಿಕಾ ದ್ವೀಪದಿಂದ ಇಂಥದೇ ಲೈಟ್ನಿಂಗ್‌ನಲ್ಲಿ ಹೊರಟರು. ಮರಳಲಿಲ್ಲ. 1998ರಲ್ಲಿ ಮಾರ್ಸೇಯ್ ಹತ್ತಿರ ಮೀನುಗಾರರೊಬ್ಬರ ಬಲೆಗೆ ಅವರ ಹೆಸರಿದ್ದ ಕೈಸರಪಳಿ ಸಿಕ್ಕಿತು. ಸಮುದ್ರದಿಂದ ಎತ್ತಿದ ಅವಶೇಷ ಅವರದೇ ವಿಮಾನದ್ದು ಅಂತ ಅದರ ನಂಬರ್ ನೋಡಿ ಖಚಿತಪಡಿಸಿದ್ದು 2004ರಲ್ಲಿ. 60 ವರ್ಷ! ವಿಮಾನ ಯಾಕೆ ಬಿತ್ತು ಅನ್ನೋದು ಆಗಲೂ ಸಾಬೀತಾಗಲಿಲ್ಲ.

ನಮ್ಮ ಪಕ್ಕದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹೋದದ್ದು ವಿಚಕ್ಷಣೆಗಲ್ಲ, ದಾಳಿಗೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಕಡೆ ಹಾರಿದವರು ಬರಲಿಲ್ಲ. ಕಾಣೆ ಅಂತ ದಾಖಲಾಯಿತು. ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಒಂದನ್ನು ಅವರು ಕೆಡವಿದ್ದರು. ಅದನ್ನು ಕಂಡವರು ಎದುರಾಳಿ ಕಡೆಯವರು. ಹಾಗಾಗಿ ವಿಷಯ ನಮ್ಮವರಿಗೆ ಮುಟ್ಟಲು ವರ್ಷಗಳೇ ಹಿಡಿದವು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಈ ತಡ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಕಾರ್ಗಿಲ್‌ನಲ್ಲಿ, 1999ರ ಮೇ 27ರಂದು, ಫೋಟೋ ವಿಚಕ್ಷಣೆಗೆ ಹೋಗಿದ್ದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ದೇಹವಾದರೂ ಮನೆಗೆ ಬಂತು.

ಹಾಗಾಗಿ ಒಂದು ಕೋರಿಕೆ. ‘ಕಾಣೆ’ ಅಂತ ಸುದ್ದಿ ಬಂದ ದಿನವೇ ‘ಹುತಾತ್ಮ’ ಅಂತ ಬರೆದು, ಹಾರ ಹಾಕಿದ ಫೋಟೋ ಹಂಚಬೇಡಿ. ಆ ಮನೆಯಲ್ಲಿ ಹೆಂಡತಿ, ತಾಯಿ ಇನ್ನೂ ಕಾಯುತ್ತಿರುತ್ತಾರೆ ಅಲ್ವಾ?

ತಿಥಿ ಮಾಡಬೇಕೋ ಬೇಡವೋ ಅನ್ನೋದೂ ಇತ್ಯರ್ಥ ಆಗೋದಿಲ್ಲ. 12 ವರ್ಷ ಕಾಯಬೇಕು ಅನ್ನುತ್ತಾರೆ ಹಳಬರು. 7 ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ತೀರಿಕೊಂಡಿದ್ದಾರೆ ಅಂತ ಕಾನೂನು ಭಾವಿಸಬಹುದು. ಸೇನೆ ತನ್ನದೇ ವಿಚಾರಣೆ ನಡೆಸಿ ಅದಕ್ಕೂ ಮೊದಲೇ ತೀರ್ಮಾನಕ್ಕೆ ಬರುವುದುಂಟು.