ನಾನು ಡಾಕ್ಟರ್ ಅಲ್ಲ, ಕಾಯಿಲೆ ಇರುವ ಮಕ್ಕಳ ಸಂಸ್ಥೆಯ ಬೋರ್ಡಿನಲ್ಲಿ ನನಗೇನು ಕೆಲಸ?

ಪ್ರಶ್ನೆ: ದೀರ್ಘಕಾಲದ ಕಾಯಿಲೆ ಇರುವ ಮಕ್ಕಳು ಮತ್ತು ಹದಿಹರೆಯದವರಿಗಾಗಿ ಕೆಲಸ ಮಾಡುವ ಸೇವಾ ಸಂಸ್ಥೆಯೊಂದು ನನ್ನನ್ನು ಆಡಳಿತ ಮಂಡಳಿಗೆ ಕರೆದಿದೆ. ನನಗೆ ಗೊತ್ತಿರುವುದು ಅಕೌಂಟ್ಸ್ ಮಾತ್ರ, ವೈದ್ಯಕೀಯದ ಗಂಧಗಾಳಿಯೂ ಇಲ್ಲ. ಒಪ್ಪಿಕೊಳ್ಳಲೇ? ಅಲ್ಲಿ ನಾನು ಮಾಡುವುದಾದರೂ ಏನು?

ಒಪ್ಪಿಕೊಳ್ಳಿ. ಸುಮ್ನೆ ಹೆಸರಿಗೆ ಕೂರುವುದಾದರೆ ಮಾತ್ರ ಬೇಡ.

ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ, ಎಲ್ಲರಿಗೂ ಇದೇ ಅಳುಕು. ಬೋರ್ಡಿನವರು ಇಂಜೆಕ್ಷನ್ ಕೊಡಬೇಕಾಗಿಲ್ಲ, ಶಿಬಿರ ನಡೆಸಬೇಕಾಗಿಲ್ಲ. ಅದನ್ನೆಲ್ಲ ಸಿಬ್ಬಂದಿ ಮತ್ತು ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಮುಖ್ಯಸ್ಥರನ್ನು ನೇಮಿಸುವುದು, ಬಜೆಟ್ ಒಪ್ಪುವುದು, ದುಡ್ಡು ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಅಂತ ನೋಡುವುದು, ಸಂಸ್ಥೆ ಯಾವ ಕೆಲಸಕ್ಕೆ ಹುಟ್ಟಿತೋ ಅದನ್ನೇ ಮಾಡುತ್ತಿದೆಯಾ ಅಂತ ಕೇಳುವುದು, ಇವು ಬೋರ್ಡಿನ ಪಾಲಿಗೆ ಬರುತ್ತವೆ. ಕೇಳುವುದು ಅಂದೆನಲ್ಲ, ಅದೇ ದೊಡ್ಡ ಕೆಲಸ. ಆ ಕೋಣೆಯಲ್ಲಿ ಮಕ್ಕಳು ಇರುವುದಿಲ್ಲ. ಅವರ ಪರವಾಗಿ ಯಾರಾದರೂ ಕೇಳಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಹುಟ್ಟಿನಿಂದಲೇ ಬರುವ ಕಾಯಿಲೆ ಇದೆ, ಶ್ವಾಸಕೋಶದಲ್ಲಿ ಅಂಟಂಟಾದ ಕಫ ಕಟ್ಟಿಕೊಳ್ಳುತ್ತದೆ. ಹಿಂದೆ ಈ ಮಕ್ಕಳಿಗಾಗಿಯೇ ಬೇಸಿಗೆ ಶಿಬಿರಗಳು ನಡೆಯುತ್ತಿದ್ದವು. ತನ್ನಂತೆಯೇ ಕೆಮ್ಮುವ, ತನ್ನಷ್ಟೇ ಮಾತ್ರೆ ನುಂಗುವ ಇನ್ನೊಂದು ಮಗುವನ್ನು ಕಾಣಲು ಎಷ್ಟೋ ಮಕ್ಕಳಿಗೆ ಇದ್ದದ್ದು ಅದೊಂದೇ ಜಾಗ. ಆಮೇಲೆ ಗೊತ್ತಾಯಿತು, ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಎಂಬ ಅಪಾಯಕಾರಿ ಬ್ಯಾಕ್ಟೀರಿಯಾ ಇಂಥ ಕಡೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ ಅಂತ. 1990ರ ದಶಕದಲ್ಲಿ ಆ ಶಿಬಿರಗಳು ನಿಂತವು. ಈ ಕಾಯಿಲೆ ಇರುವ ಇಬ್ಬರ ನಡುವೆ ಕನಿಷ್ಠ 2 ಮೀಟರ್ ಅಂತರ ಇರಬೇಕು ಅನ್ನುವುದು ಇವತ್ತಿನ ನಿಯಮ. ಮಕ್ಕಳು ಅಷ್ಟು ಪ್ರೀತಿಸಿದ್ದನ್ನು ನಿಲ್ಲಿಸುವುದು ಸುಲಭ ಅಲ್ಲ, ಆದರೂ ನಿಲ್ಲಿಸಬೇಕಿತ್ತು, ಅಲ್ವಾ? "ಇವರನ್ನು ಒಂದೇ ಕಡೆ ಸೇರಿಸಿದರೆ ಯಾರಿಗಾದರೂ ತೊಂದರೆ ಆಗುತ್ತದಾ?" ಅಂತ ಕೇಳಲು ಡಾಕ್ಟರ್ ಡಿಗ್ರಿ ಬೇಕಾಗಿಲ್ಲ. ಉತ್ತರ ಹೇಳಲು ಬೇಕು, ಅದಕ್ಕೆ ಬೋರ್ಡಿನಲ್ಲಿ ಒಬ್ಬಿಬ್ಬರು ವೈದ್ಯರೋ ನರ್ಸೋ ಇರುತ್ತಾರೆ.

ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳ ಕಥೆಯೇ ಬೇರೆ. ಅವರು ಒಟ್ಟಿಗೆ ಇದ್ದಷ್ಟೂ ಒಳ್ಳೆಯದು. ಎಲ್ಲರೂ ಊಟದ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುವ ಕಡೆ ಯಾರೂ ಯಾರನ್ನೂ ವಿಚಿತ್ರವಾಗಿ ನೋಡುವುದಿಲ್ಲ. ಆದರೆ ದಿನವಿಡೀ ಓಡಿ ಕುಣಿದ ಮಗುವಿಗೆ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಮಟ್ಟ ಇಳಿಯಬಹುದು. ಹಾಗಾಗಿ ರಾತ್ರಿ ಎರಡು ಗಂಟೆಗೆ ಎದ್ದು ನೋಡುವವರು ಯಾರು, ಸಕ್ಕರೆ ತೀರಾ ಇಳಿದಾಗ ಕೊಡುವ ಗ್ಲೂಕಗಾನ್ ಔಷಧಿ ಎಲ್ಲಿಟ್ಟಿದ್ದೀರಿ, ಅದನ್ನು ಕೊಡಲು ಎಷ್ಟು ಜನಕ್ಕೆ ಬರುತ್ತದೆ ಅಂತ ಕೇಳಿ. ಉತ್ತರ ನಡಾವಳಿಯಲ್ಲಿ ಬರೆಸಿ.

ಇನ್ನು ದುಡ್ಡು. ನಿಮ್ಮ ಅಕೌಂಟ್ಸ್ ಅನುಭವ ಜಾಸ್ತಿ ಬೇಕಾಗುವುದು ಇಲ್ಲೇ. ಥಲಸ್ಸೇಮಿಯಾ ಅಂದರೆ ದೇಹದಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ. ಅದು ತೀವ್ರವಾಗಿರುವ ಮಗುವಿಗೆ 2ರಿಂದ 4 ವಾರಕ್ಕೊಮ್ಮೆ ರಕ್ತ ಬೇಕು, ವರ್ಷಗಟ್ಟಲೆ. ಅಂಥ ಮಗುವಿಗೆ ನೆರವು ಕೊಡಲು ಶುರುಮಾಡಿ, ದೇಣಿಗೆ ನಿಂತಿತು ಅಂತ ಮಧ್ಯದಲ್ಲಿ ಕೈಬಿಡುವ ಹಾಗಿಲ್ಲ. ಮೀಸಲು ನಿಧಿ ಎಷ್ಟು ತಿಂಗಳಿಗೆ ಬರುತ್ತದೆ ನೋಡಿ. ಶಿಬಿರಕ್ಕೆ ಅಂತ ಕೊಟ್ಟ ಹಣ ಆಫೀಸ್ ಬಾಡಿಗೆಗೆ ಹೋಗುತ್ತಿದೆಯಾ ನೋಡಿ.

ಯಾರು ಕೊಟ್ಟದ್ದು ಅನ್ನುವುದನ್ನೂ ನೋಡಬೇಕು. 1980ರ ದಶಕದಲ್ಲಿ ಅಮೆರಿಕದಲ್ಲಿ ಹಿಮೊಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ, ಅವರ ಜೀವ ಉಳಿಸಬೇಕಾದ ಔಷಧಿಯಿಂದಲೇ ಎಚ್‌ಐವಿ ಬಂತು. ಸಾವಿರಾರು ಜನರ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಒಟ್ಟುಸೇರಿಸಿ ಮಾಡುತ್ತಿದ್ದ ಔಷಧಿ ಅದು. 1995ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿ ಇದನ್ನೆಲ್ಲ ಬಿಡಿಸಿಟ್ಟಿತು. ಹಿಮೊಫಿಲಿಯಾ ರೋಗಿಗಳ ಸಂಸ್ಥೆಗೆ ಪ್ಲಾಸ್ಮಾ ಉದ್ಯಮದ ಜೊತೆ ಹಣದ ನಂಟಿತ್ತು, ಅದರಿಂದ ಅದರ ವಿಶ್ವಾಸಾರ್ಹತೆಗೆ ಪೆಟ್ಟು ಬಿತ್ತು ಅಂತಲೂ ಹೇಳಿತು. ಕಂಪನಿಯ ದುಡ್ಡು ಬೇಡವೇ ಬೇಡ ಅಂತ ನಾನು ಹೇಳಲಾರೆ, ಎಷ್ಟೋ ಸಂಸ್ಥೆಗಳು ಅದಿಲ್ಲದೆ ಬಾಗಿಲು ಹಾಕುತ್ತವೆ. ಆದರೆ ನಾವು ಅಪ್ಪ ಅಮ್ಮಂದಿರಿಗೆ ಏನು ಹೇಳುತ್ತೇವೆ ಅನ್ನುವುದರಲ್ಲಿ ಕಂಪನಿ ಬಾಯಿ ಹಾಕಬಾರದು. ಹಾಗೇ ಬೋರ್ಡಿನ ಸದಸ್ಯರಿಗೋ ಅವರ ಮನೆಯವರಿಗೋ ಲಾಭ ಇರುವ ವಿಷಯ ಬಂದಾಗ, ಅವರು ಮೊದಲೇ ಹೇಳಿ ಆ ಚರ್ಚೆಯಿಂದ ಎದ್ದು ಹೋಗಬೇಕು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ್ದು ಫೋಟೋ ವಿಷಯ. ದೇಣಿಗೆ ಕೇಳಲು ಏಳು ವರ್ಷದ ಮಗುವಿನ ಚಿತ್ರ, ಹೆಸರು, ಕಾಯಿಲೆ ಎಲ್ಲ ಹಾಕುತ್ತಾರೆ. ತಂದೆ ತಾಯಿ ಸಹಿ ಹಾಕಿರುತ್ತಾರೆ, ಸರಿ. ಆ ಮಗು ಇಪ್ಪತ್ತಾಗಿ ಕೆಲಸ ಹುಡುಕುವಾಗ, ಹೆಸರು ಹುಡುಕಿದ ಕೂಡಲೇ ಆಸ್ಪತ್ರೆ ಹಾಸಿಗೆಯ ಚಿತ್ರ ಬಂದರೆ? ಮಗು ಬೆಳೆದ ಮೇಲೆ ಅದನ್ನೇ ಮತ್ತೆ ಕೇಳಬೇಕು, ಬೇಡ ಅಂದರೆ ಮರುಮಾತಿಲ್ಲದೆ ತೆಗೆಯಬೇಕು. ಇದಕ್ಕೊಂದು ನಿಯಮ ಇದೆಯಾ ಕೇಳಿ, ಇಲ್ಲದಿದ್ದರೆ ನೀವೇ ತನ್ನಿ.

ಕಾಯಿಲೆ ಜೊತೆ ಬೆಳೆದ ಯುವಕ ಯುವತಿಯರು ಬೋರ್ಡಿನಲ್ಲಿ ಇದ್ದಾರಾ ಅಂತಲೂ ನೋಡಿ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಚಿಕ್ಕವರನ್ನು ಬೋರ್ಡಿಗೆ ಸೇರಿಸಲು ಕಾನೂನು ಬಿಡದಿದ್ದರೆ ಅವರದೇ ಒಂದು ಸಲಹಾ ತಂಡ ಮಾಡಬಹುದು. ಅಪ್ಪ ಅಮ್ಮ ಇದ್ದಾರಲ್ಲ ಸಾಕು ಅನ್ನುವವರಿದ್ದಾರೆ. ಸಾಲದು. ಮಕ್ಕಳ ವಿಭಾಗದಿಂದ ದೊಡ್ಡವರ ಆಸ್ಪತ್ರೆಗೆ ಹೋಗುವ ಆ ಹದಿನೆಂಟರ ಆಸುಪಾಸಿನಲ್ಲಿ ಎಷ್ಟೋ ಜನ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ, ಏಕೆ ಅಂತ ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ಹೂಂ ಅನ್ನುವ ಮುಂಚೆ ಮೂರು ವರ್ಷದ ಆಡಿಟ್ ವರದಿ, ಒಂದು ವರ್ಷದ ನಡಾವಳಿ, ನಿಯಮಾವಳಿ ತರಿಸಿ ಓದಿ. ನಿಯಮಾವಳಿಯಲ್ಲಿ "ಸತತ ಮೂರು ಸಭೆಗೆ ಬಾರದವರ ಸದಸ್ಯತ್ವ ರದ್ದು" ಅಂತ ಇದ್ದರೆ ಅಲ್ಲಿ ಬೆರಳಿಟ್ಟು, ಆಸ್ಪತ್ರೆಯಲ್ಲಿ ಮಲಗಿರುವ ಸದಸ್ಯರಿಗೂ ಇದು ಅನ್ವಯಿಸುತ್ತದಾ ಅಂತ ಮೊದಲ ಸಭೆಯಲ್ಲೇ ಕೇಳಿ.