ಚೀಲದಲ್ಲಿ ಐದು ಬಾಟಲಿ, ಬಟ್ಟಲಲ್ಲಿ ತುಪ್ಪವಿಲ್ಲ

ಒಂಬತ್ತು ತಿಂಗಳ ಕೂಸು. ಅಜ್ಜಿಯ ಹೆಗಲಿಗೆ ಒರಗಿಕೊಂಡೇ ಒಳಗೆ ಬಂತು. ತಾಯಿ ಬಟ್ಟೆ ಚೀಲದಿಂದ ಒಂದೊಂದೇ ಬಾಟಲಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಗ್ರೈಪ್ ವಾಟರ್, ಹಸಿವಿನ ಸಿರಪ್, ಕ್ಯಾಲ್ಸಿಯಂ, ಮಿದುಳಿಗೆ ಒಳ್ಳೆಯದೆಂದು ಯಾರೋ ಹೇಳಿದ್ದ ಡಿಎಚ್‌ಎ ಹನಿ, ಕೊನೆಗೆ ವಿಟಮಿನ್ ಡಿ. ಆ ಕೊನೆಯ ಬಾಟಲಿಯ ಸೀಲ್ ಇನ್ನೂ ಒಡೆದಿರಲಿಲ್ಲ.

"ಇಷ್ಟೆಲ್ಲ ಕೊಡ್ತಿದೀವಿ ಮೇಡಂ, ತೂಕಾನೇ ಏರ್ತಿಲ್ಲ. ಮೊದಲು ಕೂತ್ಕೊಳ್ತಿತ್ತು, ಈಗ ಕೂರಿಸಿದ್ರೆ ವಾಲ್ತದೆ. ನಗೋದೂ ಬಿಟ್ಟಿದೆ."

ಕೂಸಿನ ಬೆರಳುಗಳನ್ನು ಮೆಲ್ಲಗೆ ಮಡಚಿ ನೋಡಿದೆ. ಗೆಣ್ಣುಗಳ ಮೇಲಿನ ಚರ್ಮ ಮೈಬಣ್ಣಕ್ಕಿಂತ ಕಪ್ಪಾಗಿತ್ತು, ಮಸಿ ಒರೆಸಿದ ಹಾಗೆ. ಕೂದಲು ತೆಳ್ಳಗೆ, ಕೆಂಚಗೆ. ಕಣ್ಣಿನ ಕೆಳರೆಪ್ಪೆಯ ಒಳಗೆ ಕೆಂಪೇ ಇಲ್ಲ. ಆಮೇಲೆ "ನಿಮ್ಮ ಕೈ ತೋರಿಸಿ ಅಮ್ಮ" ಎಂದೆ. ತಾಯಿಯ ಗೆಣ್ಣುಗಳೂ ಕಪ್ಪಾಗಿದ್ದವು.

ಇದು ವಿಟಮಿನ್ ಬಿ12 ಕೊರತೆ. ರಕ್ತ ಪರೀಕ್ಷೆಯೂ ಮರುದಿನ ಅದನ್ನೇ ಹೇಳಿತು. ನಮಗೆ ಇದು ಹೊಸ ಕಾಯಿಲೆಯಲ್ಲ. ಎದೆಹಾಲನ್ನೇ ನಂಬಿದ ಕೂಸುಗಳಲ್ಲಿ ಬಿ12 ಇಲ್ಲದೆ ಹೀಗೇ ರಕ್ತಹೀನತೆ, ಗೆಣ್ಣು ಕಪ್ಪಾಗುವುದು, ಬೆಳವಣಿಗೆ ಹಿಂದಕ್ಕೆ ಹೋಗುವುದು ಇವೆಲ್ಲ ಆಗುತ್ತವೆಂದು ವೆಲ್ಲೂರಿನ ವೈದ್ಯರು 1962ರಲ್ಲೇ ಬರೆದಿದ್ದರು. ಅಷ್ಟು ವರ್ಷ ಕಳೆದರೂ ಅದೇ ಗೆಣ್ಣುಗಳನ್ನು ನಾನು ಈಗಲೂ ನೋಡುತ್ತಿದ್ದೇನಲ್ಲ ಎಂಬುದೇ ಈ ಅಂಕಣ ಬರೆಯಲು ಕಾರಣ.

ಬಿ12 ಬರುವುದು ಬ್ಯಾಕ್ಟೀರಿಯಾಗಳಿಂದ, ನಮಗೆ ಸಿಗುವುದು ಪ್ರಾಣಿಮೂಲದ ಆಹಾರದಿಂದ. ಸೊಪ್ಪು, ಕಾಳು, ರಾಗಿ, ತೆಂಗು ಯಾವುದರಲ್ಲೂ ಇಲ್ಲ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇದೆಯೆಂದು ಮಾರುವವರಿದ್ದಾರೆ. ಅದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ಮೊಟ್ಟೆಯನ್ನೂ ಮುಟ್ಟದ ಮನೆಗಳಿಗೆ ಹಾಲು, ಮೊಸರು, ಮಜ್ಜಿಗೆ, ಪನೀರ್ ಇಷ್ಟೇ ದಾರಿ. 100 ಮಿಲಿ ಹಸುವಿನ ಹಾಲಿನಲ್ಲಿ ಅರ್ಧ ಮೈಕ್ರೊಗ್ರಾಂನಷ್ಟು ಸಿಗುತ್ತದೆ, ಮತ್ತೆ ಮತ್ತೆ ಕುದಿಸಿದರೆ ಅದರಲ್ಲೂ ಒಂದು ಪಾಲು ಹೋಗುತ್ತದೆ.

ಈಗ ನಮ್ಮ ಕಡೆಯ ಬಾಣಂತನ ನೆನಪಿಸಿಕೊಳ್ಳಿ. ಕೊಬ್ಬರಿ, ತುಪ್ಪ, ಮೆಂತ್ಯ, ಕಾಳುಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು ಎಲ್ಲ ಧಾರಾಳ. ಮೊಸರು ಮಾತ್ರ ಶೀತವೆಂದು ಬಂದ್. ಮಜ್ಜಿಗೆಯೂ ಇಲ್ಲ. ಹಾಲು ಎಂದರೆ ಕಾಫಿಗೆ ಹಾಕಿದಷ್ಟು. ಬಸುರಿಯಿದ್ದಾಗ ಆ ತಾಯಿ ಕಬ್ಬಿಣದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಸರ್ಕಾರ ಕೊಡುವ ಆ ಕೆಂಪು ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್. ಬಿ12 ಅದರಲ್ಲಿಲ್ಲ. ಸಕ್ಕರೆ ಕಾಯಿಲೆಗೋ ಪಿಸಿಒಡಿ ಎಂಬ ಅಂಡಾಶಯದ ತೊಂದರೆಗೋ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಬಿ12 ಇನ್ನೂ ಇಳಿದಿರುತ್ತದೆ. ತಾಯಿಯ ರಕ್ತದಲ್ಲಿ ಇಲ್ಲದ್ದು ಹಾಲಿಗೆ ಎಲ್ಲಿಂದ ಬರಬೇಕು? ದಯವಿಟ್ಟು ಇದನ್ನು ಓದಿ ಎದೆಹಾಲು ಬಿಡಿಸಬೇಡಿ. ಹಾಲಿನಲ್ಲಿ ದೋಷವಿಲ್ಲ, ತಾಯಿಗೆ ಚಿಕಿತ್ಸೆ ಬೇಕು. ಕೂಸಿಗೂ ತಾಯಿಗೂ ಜೊತೆಯಲ್ಲೇ ಶುರು ಮಾಡಿದೆವು. ನಾಲ್ಕೈದು ದಿನಕ್ಕೆ ಕೂಸು ಕಣ್ಣಿಟ್ಟು ನೋಡತೊಡಗಿತು.

ಆ ದಿನ ಕೇಳಿದ ಇನ್ನೊಂದು ಪ್ರಶ್ನೆ ಊಟದ್ದು. ರಾಗಿ ಸರಿ, ಬೇಳೆ ಕಟ್ಟು, ನುಣ್ಣಗೆ ಕಲಸಿದ ಅನ್ನ ಎಂದರು. ತುಪ್ಪ ಎಷ್ಟು ಹಾಕುತ್ತೀರಿ ಎಂದೆ. ಅಜ್ಜಿ ಮುಂದೆ ಬಂದರು. "ಜಿಡ್ಡು ಕೊಟ್ರೆ ಕೂಸಿಗೆ ಕಫ ಕಟ್ತದಂತೆ ಮೇಡಂ. ಅದಕ್ಕೇ ಹಾಕಿಲ್ಲ."

ಈ ಮಾತನ್ನು ನಾನು ದಿನವೂ ಕೇಳುತ್ತೇನೆ. ಕಫ ಬರುವುದು ನೆಗಡಿಯ ವೈರಸ್ಸಿನಿಂದ, ತುಪ್ಪದಿಂದಲ್ಲ. ಇನ್ನು ಕೆಲವು ಮನೆಗಳಲ್ಲಿ ಅಪ್ಪನ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ ಇಡೀ ಮನೆಗೇ ಎಣ್ಣೆ ಇಳಿಸಿರುತ್ತಾರೆ, ಅದರಲ್ಲಿ ಒಂದು ವರ್ಷದ ಕೂಸೂ ಸೇರಿಹೋಗಿರುತ್ತದೆ. ದೊಡ್ಡವರ ಲೆಕ್ಕ ಎರಡು ವರ್ಷದೊಳಗಿನ ಮಕ್ಕಳಿಗೆ ಹೊಂದುವುದಿಲ್ಲ. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದೇ ಜಿಡ್ಡಿನಿಂದ. ಎರಡು ವರ್ಷ ತುಂಬುವ ಹೊತ್ತಿಗೆ ಮಿದುಳು ದೊಡ್ಡವರ ಮಿದುಳಿನ ನೂರಕ್ಕೆ ಎಂಬತ್ತರಷ್ಟು ಗಾತ್ರಕ್ಕೆ ಬಂದಿರುತ್ತದೆ, ನೀರಿನಂಶ ಬಿಟ್ಟರೆ ಅದರ ಅರ್ಧಕ್ಕೂ ಹೆಚ್ಚು ಭಾಗ ಕೊಬ್ಬು.

ಹೊಟ್ಟೆಯ ಅಳತೆಯನ್ನೂ ನೋಡಬೇಕು. ಎಂಟು ಕೆಜಿ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು ಕಾಲು ಲೀಟರ್. ಅಷ್ಟಕ್ಕೂ ತೆಳ್ಳನೆಯ ರಾಗಿ ಸರಿಯೇ ತುಂಬಿದರೆ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ರಾಗಿ ಒಳ್ಳೆಯ ಧಾನ್ಯ, 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವ ಇನ್ನೊಂದು ಧಾನ್ಯ ನಮ್ಮಲ್ಲಿಲ್ಲ. ಆದರೆ ಅದರಲ್ಲಿ ಜಿಡ್ಡು ನೂರಕ್ಕೆ ಎರಡು ಪಾಲೂ ಇಲ್ಲ. ಹತ್ತು ಗ್ರಾಂ ರಾಗಿ ಹಿಟ್ಟಿನಿಂದ ಮೂವತ್ತು ಚಿಲ್ಲರೆ ಕ್ಯಾಲೊರಿ, ಅದರ ಅರ್ಧ ತೂಕದ ತುಪ್ಪದಿಂದ ನಲವತ್ತೈದು. ಹಾಗಾಗಿ ಆರು ತಿಂಗಳು ತುಂಬಿ ಮೇಲೂಟ ಶುರುವಾದ ಮೇಲೆ ಪ್ರತಿ ಬಟ್ಟಲಿಗೂ ಅರ್ಧ ಚಹಾ ಚಮಚ ತುಪ್ಪ ಅಥವಾ ಎಣ್ಣೆ, ಒಂಬತ್ತು ತಿಂಗಳ ಹೊತ್ತಿಗೆ ಒಂದು ಚಮಚ. ಮೊಳಕೆ ಬರಿಸಿ ಹುರಿದು ಬೀಸಿದ ರಾಗಿ ಹಿಟ್ಟಾದರೆ ಗಂಟಾಗದೆ ನೀರು ಕಡಿಮೆ ಹಿಡಿಯುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹೋಗುತ್ತದೆ. ಕ್ಯಾರೆಟ್, ಕುಂಬಳ, ಸೊಪ್ಪಿನಲ್ಲಿರುವ ಎ ವಿಟಮಿನ್ನಿನ ಮೂಲವಸ್ತು ಮೈಗೆ ಹತ್ತಬೇಕಾದರೂ ಜಿಡ್ಡಿನ ಜೊತೆ ಬೇಕು.

ಬರೀ ತುಪ್ಪವೇ ಸಾಕೇ? ಸಾಲದು. ತುಪ್ಪ, ಕೊಬ್ಬರಿ ಎಣ್ಣೆ ಶಕ್ತಿ ಕೊಡುತ್ತವೆ, ದೇಹ ತಾನೇ ತಯಾರಿಸಿಕೊಳ್ಳಲಾಗದ ಕೊಬ್ಬಿನಾಮ್ಲಗಳು ಅವುಗಳಲ್ಲಿ ತೀರ ಕಡಿಮೆ. ಅಂಥ ಆಮ್ಲಗಳಲ್ಲಿ ಒಮೆಗಾ 6, ಒಮೆಗಾ 3 ಎಂದು ಎರಡು ಬಗೆ. ಸೂರ್ಯಕಾಂತಿ ಎಣ್ಣೆಯಲ್ಲಿ ಒಮೆಗಾ 6 ಬೇಕಾದಷ್ಟಿದೆ, ಒಮೆಗಾ 3 ಇಲ್ಲವೆಂದೇ ಹೇಳಬೇಕು. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಅದೇ ಎಣ್ಣೆ ಬಿಟ್ಟರೆ ಇನ್ನೊಂದಿಲ್ಲ. ಇಲ್ಲಿ ಉತ್ತರ ಕರ್ನಾಟಕದ ಅಗಸಿ ನೆನಪಾಗುತ್ತದೆ. ಒಂದು ಚಹಾ ಚಮಚ ಅಗಸೆ ಪುಡಿಯಲ್ಲಿ ಅರ್ಧ ಗ್ರಾಂಗೂ ತುಸು ಹೆಚ್ಚು ಒಮೆಗಾ 3 ಸಿಗುತ್ತದೆ, ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 0.7 ಗ್ರಾಂ. ಖಾರದ ಚಟ್ನಿಪುಡಿ ಕೂಸಿಗೆ ಬೇಡ. ಬೀಜವನ್ನು ಬೆಚ್ಚಗೆ ಹುರಿದು, ಏನೂ ಬೆರೆಸದೆ ಪುಡಿ ಮಾಡಿ. ಇಡೀ ಬೀಜ ಹಾಗೇ ಹೊರಗೆ ಹೋಗುತ್ತದೆ, ಪುಡಿಯೇ ಆಗಬೇಕು. ಎಂಟು ತಿಂಗಳಿಗೆ ಒಂದು ಚಿಟಿಕೆಯಿಂದ ಶುರು ಮಾಡಿ ವರ್ಷ ತುಂಬಿದ ಮೇಲೆ ಅರ್ಧ, ಒಂದು ಚಮಚಕ್ಕೆ ಏರಿಸಬಹುದು. ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ, ಬೇಗ ಕಮಟು ಬರುತ್ತದೆ. ಅಕ್ರೋಟು, ಸಾಸಿವೆ ಎಣ್ಣೆ, ಸೋಯಾ ಎಣ್ಣೆಯಲ್ಲೂ ಒಮೆಗಾ 3 ಇದೆ. ಶೇಂಗಾ, ಬಾದಾಮಿ, ಎಳ್ಳು ಇವನ್ನೂ ಪುಡಿಯಾಗಿ, ನುಣ್ಣನೆಯ ಪೇಸ್ಟಾಗಿ ಕೊಡಿ. ಐದು ವರ್ಷದವರೆಗೆ ಇಡೀ ಬೀಜ ಕೈಗೆ ಕೊಡಬೇಡಿ. ಉಸಿರ್ನಾಳಕ್ಕೆ ಸಿಕ್ಕಿಕೊಂಡ ಶೇಂಗಾ ಬೀಜಕ್ಕಾಗಿ ಆಪರೇಷನ್ ಥಿಯೇಟರ್ ಹೊರಗೆ ಕಾದು ನಿಂತ ತಂದೆತಾಯಿಯರನ್ನು ನಾನು ನೋಡಿದ್ದೇನೆ.

ಒಮೆಗಾ 3ರದೇ ಇನ್ನೊಂದು ರೂಪವಾದ ಡಿಎಚ್‌ಎ ಬಗ್ಗೆ ಕೇಳುವವರು ಬಹಳ. ಅಗಸೆಯ ಒಮೆಗಾ 3 ನಮ್ಮ ದೇಹದಲ್ಲಿ ಡಿಎಚ್‌ಎ ಆಗುವುದು ಸ್ವಲ್ಪವೇ, ಇದು ನಿಜ. ಮೀನಿಗೂ ಅದು ಬರುವುದು ಸಮುದ್ರದ ಸೂಕ್ಷ್ಮ ಪಾಚಿಯಿಂದ, ಹಾಗಾಗಿ ಪಾಚಿಯ ಡಿಎಚ್‌ಎ ಸಸ್ಯಾಹಾರಿಗಳಿಗೆ ಸಲ್ಲುತ್ತದೆ. ಹಾಲೂಡುವ ತಾಯಿ ಅದನ್ನು ತೆಗೆದುಕೊಂಡರೆ ಹಾಲಿನ ಮೂಲಕ ಕೂಸಿಗೂ ಸೇರುತ್ತದೆ, ನನಗೆ ಆ ದಾರಿಯೇ ಇಷ್ಟ. ದಿನ ತುಂಬಿ ಹುಟ್ಟಿದ ಮಗುವಿಗೆ ಹನಿ ಹಾಕಿ ಬುದ್ಧಿ ಹೆಚ್ಚಿಸಬಹುದೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ತಿಂಗಳ ಬಜೆಟ್ಟಿನಲ್ಲಿ ಒಂದೇ ಬಾಟಲಿಗೆ ಜಾಗವಿದ್ದರೆ ಅದು ಡಿಎಚ್‌ಎ ಆಗಬಾರದು.

ಹಾಗಾದರೆ ಯಾವುದು? ಹುಟ್ಟಿದ ಕೆಲವೇ ದಿನದಿಂದ ಒಂದು ವರ್ಷದವರೆಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಏಕಮಾನ) ವಿಟಮಿನ್ ಡಿ. ಸಸ್ಯಾಹಾರಿ, ಮಾಂಸಾಹಾರಿ ಎಂಬ ಭೇದ ಇದಕ್ಕಿಲ್ಲ. ಮೆಡಿಕಲ್ ಶಾಪಿನಲ್ಲಿ ಒಂದು ಕಂಪನಿಯದು ಒಂದು ಮಿಲಿಗೆ 400, ಇನ್ನೊಂದರದು ಅರ್ಧ ಮಿಲಿಗೇ 400, ಮತ್ತೊಂದರಲ್ಲಿ ಒಂದೇ ಹನಿಗೆ 400 ಇರುತ್ತದೆ. ಬ್ರಾಂಡ್ ಬದಲಾದರೆ ಅಳತೆಯೂ ಬದಲಾಗುತ್ತದೆ. ಹೊಸ ಬಾಟಲಿ ತಂದಾಗಲೆಲ್ಲ ಲೇಬಲ್ ಓದಿ, ಆ ಬಾಟಲಿಯ ಜೊತೆ ಬಂದ ಡ್ರಾಪರನ್ನೇ ಬಳಸಿ. 60,000 ಐಯು ಎಂದು ಬರೆದ ಪುಟ್ಟ ಬಾಟಲಿಗಳ ವಿಷಯದಲ್ಲಂತೂ ಕೈಮುಗಿದು ಕೇಳುತ್ತೇನೆ. ಅದು ಕೂಸಿಗೆ 150 ದಿನಕ್ಕೆ ಸಾಕಾಗುವ ಪ್ರಮಾಣ. ಚೀಟಿಯಿಲ್ಲದೆ ದಿನವೂ ಕುಡಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕೊನೆಗೆ ಕಿಡ್ನಿಗೂ ಪೆಟ್ಟು.

ಎರಡನೆಯದು ಕಬ್ಬಿಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಶೇ 65.5 ಮಕ್ಕಳಿಗೆ ರಕ್ತಹೀನತೆ. ಆಶಾ ಕಾರ್ಯಕರ್ತೆ ತಂದುಕೊಡುವ ಸಿರಪ್ ಇದಕ್ಕೇ ಇರುವುದು. ವಾರಕ್ಕೆ ಎರಡು ಸಲ ಒಂದು ಮಿಲಿ, ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ. ಕಕ್ಕ ಕಪ್ಪಗಾಯಿತೆಂದು ಹೆದರಿ ನಿಲ್ಲಿಸುವವರು ಹೆಚ್ಚು. ಕಪ್ಪಗಾಗುವುದು ಸಹಜ. ಹಾಲಿನ ಜೊತೆ ಕೊಡಬೇಡಿ, ಬೇಳೆ ಅನ್ನಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿದ್ದ ಕೂಸಿಗೆ ಕಬ್ಬಿಣ ಇನ್ನೂ ಮೊದಲೇ ಬೇಕು, ಡಾಕ್ಟರನ್ನು ಕೇಳಿ. ಎ ವಿಟಮಿನ್ ಒಂಬತ್ತನೇ ತಿಂಗಳ ದಡಾರ ಚುಚ್ಚುಮದ್ದಿನ ಜೊತೆ ಶುರುವಾಗುತ್ತದೆ, ಎರಡನೆಯದು ಸುಮಾರು ಒಂದೂವರೆ ವರ್ಷಕ್ಕೆ, ಅಲ್ಲಿಂದ ಆರು ತಿಂಗಳಿಗೊಮ್ಮೆ ಐದು ವರ್ಷದವರೆಗೆ, ಬೇರೆ ಕೊಳ್ಳಬೇಕಿಲ್ಲ.

ಹಾಲು ಒಳ್ಳೆಯದೆಂದು ಲೀಟರ್‌ಗಟ್ಟಲೆ ಕುಡಿಸುವುದೂ ತಪ್ಪು. ವರ್ಷದೊಳಗೆ ಮೊಸರನ್ನ ಸಾಕು, ಎದೆಹಾಲಿನ ಜಾಗಕ್ಕೆ ಹಸುವಿನ ಹಾಲು ಬರಬಾರದು. ವರ್ಷದ ಮೇಲೆ ಹಾಲು, ಮೊಸರು ಸೇರಿ ದಿನಕ್ಕೆ 400ರಿಂದ 500 ಮಿಲಿ. ಅಷ್ಟರಲ್ಲಿ ಬಿ12 ಸಿಗುತ್ತದೆ. ಅದಕ್ಕಿಂತ ಹೆಚ್ಚಾದರೆ ಊಟ ಸೇರದೆ ಕಬ್ಬಿಣ ಇಳಿಯುತ್ತದೆ. ಪ್ಯಾಕೆಟ್ ಮೇಲೆ ಕೊಬ್ಬಿನ ಪ್ರಮಾಣ ಬರೆದಿರುತ್ತದೆ. ಟೋನ್ಡ್ ಹಾಲಾದರೆ ಶೇ 3, ಫುಲ್ ಕ್ರೀಮ್ ಆದರೆ ಶೇ 6. ಎರಡು ವರ್ಷದವರೆಗೆ ಕೆನೆ ತೆಗೆಯಬೇಡಿ, ನೀರು ಬೆರೆಸಬೇಡಿ. ಹಾಲನ್ನೂ ಬಿಟ್ಟ ಮನೆಗಳಲ್ಲಿ ತಾಯಿಗೂ ಮಗುವಿಗೂ ಬಿ12 ಔಷಧ ಬೇಕೇ ಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಜಿಡ್ಡು ಎಂದರೆ ಇನ್ನೊಂದು ಹೇಳಲೇಬೇಕು. ಎಣ್ಣೆನೀರಿನ ದಿನ ಕೂಸಿನ ಮೂಗಿಗೆ ಎಣ್ಣೆ ಬಿಡುವುದು, ಹೊಟ್ಟೆ ಶುದ್ಧಿಯಾಗಲೆಂದು ಹರಳೆಣ್ಣೆ ಕುಡಿಸುವುದು ಇನ್ನೂ ನಡೆದಿದೆ. ಎಣ್ಣೆ ಕೆಮ್ಮು ಬರಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕಿಳಿಯುತ್ತದೆ. ಅದರಿಂದ ಬರುವ ನ್ಯುಮೋನಿಯಾ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಮೈಗೆ ಎಷ್ಟು ಬೇಕಾದರೂ ತಿಕ್ಕಿ, ಮೂಗು ಬಾಯಿಗೆ ಸುರಿಯಬೇಡಿ.

ಎರಡು ತಿಂಗಳ ಮೇಲೆ ಆ ಕೂಸು ಮತ್ತೆ ಬಂತು. ಈ ಸಲ ಅಜ್ಜಿಯ ತೊಡೆಯ ಮೇಲೆ ನೆಟ್ಟಗೆ ಕೂತು ನನ್ನ ಸ್ಟೆತಾಸ್ಕೋಪ್ ಎಳೆಯಿತು. ಗೆಣ್ಣಿನ ಕಪ್ಪು ತಿಳಿಯಾಗಿತ್ತು. ಚೀಲದಲ್ಲಿ ಬಾಟಲಿ ಎರಡೇ ಇದ್ದವು. ತೂಕ ಬರೆದುಕೊಟ್ಟ ಮೇಲೂ ಅಜ್ಜಿ ಏಳಲಿಲ್ಲ. ಸೊಸೆಯನ್ನು ಹೊರಗೆ ಕಳಿಸಿ, ಸೆರಗಿನ ಮರೆಯಿಂದ ಇನ್ನೊಂದು ಫೈಲ್ ತೆಗೆದರು. "ನನ್ನ ಮಗಳದು ಮೇಡಂ, ಏಳು ತಿಂಗಳಾಗೇತಿ. ಬಾಣಂತನ ನಮ್ಮನೇಲೇ. ಅವಳಿಗೂ ಆ ಬಿ12 ನೋಡಿಸಬೇಕಾ? ಮತ್ತೆ, ಬಾಣಂತೀಗೆ ಮೊಸರು ಎಷ್ಟು ದಿನಕ್ಕೆ ಹಾಕ್ಲಿ?"

"ಮೊದಲ ದಿನದಿಂದಲೇ ಹಾಕಿ ಅಜ್ಜಿ" ಎಂದೆ. ಪರೀಕ್ಷೆಯ ಚೀಟಿ ಬರೆದೆ.