ಪ್ರಯಾಣದ ದಾಖಲೆ ಮತ್ತು ಪೊಲೀಸ್ ತನಿಖೆ: ಎಷ್ಟು ದಿನದ್ದು ಎಂಬ ಪ್ರಶ್ನೆ

ರೈಲು ನಿಲ್ದಾಣದಲ್ಲಿ ಪ್ರಯಾಣದ ಸ್ಮಾರ್ಟ್ ಕಾರ್ಡನ್ನು ಗೇಟಿಗೆ ಮುಟ್ಟಿಸಿದಾಗಲೆಲ್ಲ ಸರ್ವರ್‌ನಲ್ಲಿ ಒಂದು ಸಾಲು ಉಳಿಯುತ್ತದೆ: ಕಾರ್ಡಿನ ಸಂಖ್ಯೆ, ನಿಲ್ದಾಣ, ಗೇಟು, ದಿನಾಂಕ, ವೇಳೆ. ಆ ಸಾಲಿನಲ್ಲಿ ಹೆಸರಿರುವುದಿಲ್ಲ. ಆದರೆ ಕಾರ್ಡನ್ನು ನೋಂದಾಯಿಸಿದ್ದರೆ ಅಥವಾ ಬ್ಯಾಂಕ್ ಖಾತೆಯಿಂದ ರೀಚಾರ್ಜ್ ಮಾಡಿದ್ದರೆ ಹೆಸರು ಸಿಗುವುದು ಕಷ್ಟವಲ್ಲ. ದರದ ಲೆಕ್ಕಕ್ಕೆಂದು ಸಂಗ್ರಹಿಸಿದ ಈ ಮಾಹಿತಿಯನ್ನು ಪೊಲೀಸರು ತನಿಖೆಗೆ ಬಳಸುವುದೇ ಇಲ್ಲಿನ ವಿಷಯ.

ಕಾಣೆಯಾದ ಮಗು ಕೊನೆಗೆ ಯಾವ ನಿಲ್ದಾಣದಲ್ಲಿ ಇಳಿಯಿತೆಂದು ತಿಳಿಯಲು ಪೊಲೀಸರು ದಾಖಲೆ ಕೇಳಿದರೆ ಅದಕ್ಕೆ ಆಕ್ಷೇಪವಿರಲಾರದು. ತೊಡಕು ಬರುವುದು ಒಂದು ಸಂಜೆಯ ಬದಲು ಆರು ತಿಂಗಳ ದಾಖಲೆ ಕೇಳಿದಾಗ. ಪ್ರತಿ ಮಂಗಳವಾರ ಆಸ್ಪತ್ರೆಯ ನಿಲ್ದಾಣದಲ್ಲಿ ಇಳಿದದ್ದು, ಯಾರ ಮನೆಯ ಬಳಿಯಿಂದಲೋ ಬೆಳಗಿನ ಮೊದಲ ರೈಲು ಹತ್ತಿದ್ದು, ಎಲ್ಲವೂ ಅದರಲ್ಲಿ ಬಯಲಾಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಕಾರ್ಪೆಂಟರ್ ಪ್ರಕರಣದಲ್ಲಿ 127 ದಿನಗಳ ಮೊಬೈಲ್ ಸ್ಥಳ ದಾಖಲೆ ಪಡೆಯಲು ಸಾಮಾನ್ಯವಾಗಿ ವಾರಂಟ್ ಬೇಕೆಂದು 5–4ರ ಬಹುಮತದಿಂದ ಹೇಳಿತು. ಅದು ಮೊಬೈಲ್ ಕುರಿತ ತೀರ್ಪು, ಪ್ರಯಾಣದ ಕಾರ್ಡಿನ ಕುರಿತದ್ದಲ್ಲ. ಆದರೂ ದಿನಗಳು ಕೂಡಿದಂತೆ ಮಾಹಿತಿಯ ಸ್ವರೂಪವೇ ಬದಲಾಗುತ್ತದೆಂಬ ಅದರ ತರ್ಕ ಇಲ್ಲಿಗೂ ಹೊಂದುತ್ತದೆಂದು ನನ್ನ ಅಭಿಪ್ರಾಯ.

ಹೆಸರು ತೆಗೆದುಬಿಟ್ಟರೆ ಸಾಲದೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಅನುಭವವೇ ಉತ್ತರ. 2018ರಲ್ಲಿ ಅಲ್ಲಿ ಸುಮಾರು 1.5 ಕೋಟಿ ಮೈಕಿ (ಅಲ್ಲಿನ ಸಾರ್ವಜನಿಕ ಸಾರಿಗೆಯ ಸ್ಮಾರ್ಟ್ ಕಾರ್ಡ್) ಕಾರ್ಡುಗಳ ಮೂರು ವರ್ಷಗಳ ದಾಖಲೆಯನ್ನು, ಕಾರ್ಡಿನ ಸಂಖ್ಯೆ ಬದಲಿಸಿ, ಒಂದು ಸ್ಪರ್ಧೆಗಾಗಿ ಹಂಚಲಾಯಿತು. ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ತಾವು ಹತ್ತಿಳಿದ ಕೆಲವೇ ವೇಳೆಗಳಿಂದ ಮೊದಲು ತಮ್ಮ ಕಾರ್ಡುಗಳನ್ನೂ, ಬಳಿಕ ಜೊತೆಗೆ ಪ್ರಯಾಣಿಸಿದ್ದ ಸಹೋದ್ಯೋಗಿಯ ಕಾರ್ಡನ್ನೂ ಗುರುತಿಸಿದರು. ಟ್ವಿಟ್ಟರ್‌ನಲ್ಲಿ ತಮ್ಮ ರೈಲು ಪ್ರಯಾಣದ ಬಗ್ಗೆ ಬರೆದಿದ್ದ ಶಾಸಕರೊಬ್ಬರ ಕಾರ್ಡನ್ನೂ ಪತ್ತೆ ಮಾಡಿದರು.

ಆದ್ದರಿಂದ ದಾಖಲೆಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬುದು ಮುಖ್ಯವಾಗುತ್ತದೆ. ಲಂಡನ್ನಿನ ಸಾರಿಗೆ ಸಂಸ್ಥೆಯು ಆಯ್ಸ್ಟರ್ ಕಾರ್ಡಿನ ಪ್ರಯಾಣಗಳನ್ನು ಸಾಮಾನ್ಯವಾಗಿ 8 ವಾರಗಳ ನಂತರ, ಯಾವ ಕಾರ್ಡಿನವೆಂದು ತಿಳಿಯದಂತೆ, ಕಾರ್ಡಿನಿಂದ ಬೇರ್ಪಡಿಸುವ ಪದ್ಧತಿ ಇಟ್ಟುಕೊಂಡಿದೆ. ಇಲ್ಲದ ದಾಖಲೆಯನ್ನು ಯಾರೂ ಕೇಳಲಾರರು. ನಿಯಮಗಳ ಪೈಕಿ ನನಗೆ ಅತ್ಯಂತ ಭರವಸೆಯದಾಗಿ ಕಾಣುವುದು ಇದೇ. ಉಳಿದಂತೆ ಪೊಲೀಸರ ಕೋರಿಕೆಯು ಲಿಖಿತವಾಗಿರಬೇಕು. ಯಾವ ಅಪರಾಧ, ಯಾವ ಕಾರ್ಡು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು.

ಸಾಕ್ಷ್ಯದ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ದಾಖಲೆ ತೋರಿಸುವುದು ಕಾರ್ಡು ಗೇಟು ದಾಟಿದ್ದನ್ನು ಮಾತ್ರ. ಅಣ್ಣನ ಕಾರ್ಡನ್ನು ಆ ದಿನ ತಮ್ಮ ಒಯ್ದಿದ್ದರೆ, ಅದೇ ವೇಳೆಯ ಸಿಸಿಟಿವಿ ದೃಶ್ಯ ನೋಡುವವರೆಗೆ ತನಿಖೆ ತಪ್ಪು ವ್ಯಕ್ತಿಯ ಬೆನ್ನು ಹತ್ತಿರುತ್ತದೆ.